ಬಾದಾಮಿಗೆ ಮಕ್ಕಳನ್ನು ಕರೆದೊಯ್ಯುವಾಗ: ದಿನಕ್ಕೊಂದೇ ಊರು, ಊರಿಗೊಂದೇ ಕಲ್ಲು

ಬಾದಾಮಿ, ಪಟ್ಟದಕಲ್ಲು, ಐಹೊಳೆ ಮೂರನ್ನೂ ಒಂದೇ ದಿನಕ್ಕೆ ಮುಗಿಸುವುದು ರಜಾ ದಿನಗಳ ವಾಡಿಕೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆಗೆ ಇನ್ನೊಂದು 13. ಊರುಗಳು ಹತ್ತಿರ ಇರುವುದೇ ಇಲ್ಲಿ ತೊಡಕು. ಎರಡನೆಯ ಊರು ಮುಟ್ಟುವ ಹೊತ್ತಿಗೆ ದೊಡ್ಡವರಿಗೇ ಎಲ್ಲ ಗುಡಿಯೂ ಒಂದೇ ಥರ ಕಾಣುತ್ತದೆ. ಮಕ್ಕಳು ಅಷ್ಟರಲ್ಲಿ ಐಸ್‌ಕ್ರೀಮ್ ಗಾಡಿ ಹುಡುಕುತ್ತಿರುತ್ತಾರೆ. ಚಾಲುಕ್ಯರ ಇತಿಹಾಸ ಮಕ್ಕಳ ತಲೆಯಲ್ಲಿ ಉಳಿಯಬೇಕಾದರೆ ದಿನಕ್ಕೊಂದೇ ಊರು, ಊರಿಗೊಂದೇ ಕಲ್ಲು. ಆ ಒಂದು ಕಲ್ಲನ್ನು ಸರಿಯಾಗಿ ನೋಡಿದರೆ ಸಾಕು, ಉಳಿದದ್ದು ಸುಮ್ಮನೆ ಸುತ್ತಾಡಿದರೂ ನಡೆಯುತ್ತದೆ.

ಬಾದಾಮಿಯಲ್ಲಿ ಆ ಕಲ್ಲು ಯಾವುದು? ಬಹಳ ಜನ ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನನ್ನು ಹೇಳುತ್ತಾರೆ. ಆರೇಳು ವರ್ಷದವರಿಗೆ ಅದೇ ಸರಿ: ಕೈ ಎಣಿಸಲಿ, ಪ್ರತಿ ಕೈಯಲ್ಲಿ ಏನಿದೆ ಎಂದು ಹುಡುಕಲಿ, ಒಂದೊಂದು ಭಂಗಿಯಲ್ಲಿ ತಾವೂ ನಿಂತು ನೋಡಲಿ. ಆದರೆ ಒಂಬತ್ತು ದಾಟಿದ, ಕನ್ನಡ ಓದಲು ಬರುವ ಮಕ್ಕಳಿಗೆ ಮೂರನೆಯ ಗುಹೆಯೇ ಆಗಬೇಕು. ನಾಲ್ಕರಲ್ಲಿ ದೊಡ್ಡದು ಅದು, ಚಾಲುಕ್ಯ ರಾಜ ಕೀರ್ತಿವರ್ಮನ ಕಾಲದಲ್ಲಿ ಅವನ ತಮ್ಮ ಮಂಗಳೇಶ ಮಾಡಿಸಿದ್ದು, ಶಾಸನದಲ್ಲಿ ಇಸವಿಯೂ ಇದೆ: ಶಕ ವರ್ಷ 500. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ ಎಂದಷ್ಟೇ ಹೇಳಿ, ಲೆಕ್ಕ ಮಕ್ಕಳೇ ಮಾಡಲಿ. 578. ಈಗಿನ ಇಸವಿಯಿಂದ ಅದನ್ನು ಕಳೆಯುವುದೂ ಅವರ ಪಾಲಿಗೇ ಇರಲಿ. ಉತ್ತರ ನೀವು ಹೇಳಿದಿರೋ, ಅದು ಪಾಠಪುಸ್ತಕದ ಇನ್ನೊಂದು ಸಾಲಾಗಿಬಿಡುತ್ತದೆ.

ಅಲ್ಲಿ ಮಂಗಳೇಶನದೇ ಒಂದು ಚಿಕ್ಕ ಕನ್ನಡ ಶಾಸನವೂ ಇದೆ. ಗುಡಿಗೆ ಅದರಲ್ಲಿ ಬಳಸಿದ ಮಾತು ‘ಕಲ್ಮನೆ’. ಕಲ್ಲಿನ ಮನೆ! ಆ ಕಲ್ಮನೆಗೆ ಲಂಜಿಗೇಸರ ಎಂಬ ಊರನ್ನು ಕೊಟ್ಟದ್ದನ್ನು, ದೇವರಿಗೆ ಹೂ ಕಟ್ಟುವ ಮಾಲೆಗಾರರ ಪಾಲನ್ನು ಅದು ಹೇಳುತ್ತದೆ. ರಾಜನ ಯುದ್ಧಕ್ಕಿಂತ ಹೂ ಕಟ್ಟುವವರ ಸಂಬಳ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. ‘ಹಾಗಾದರೆ ಹೂ ಎಲ್ಲಿಂದ ತರುತ್ತಿದ್ದರು?’ ಎಂಬಲ್ಲಿಂದ ಕೆಳಗಿನ ಅಗಸ್ತ್ಯ ತೀರ್ಥದ ಕೆರೆಯವರೆಗೆ ಮಾತು ತಾನೇ ಇಳಿಯುತ್ತದೆ.

ಒಂದು ಎಚ್ಚರಿಕೆ. ‘ಕನ್ನಡ ಅಕ್ಷರ ಇದೆ, ಓದು’ ಎಂದು ಮಗುವನ್ನು ಶಾಸನದ ಮುಂದೆ ನಿಲ್ಲಿಸಬೇಡಿ. ಆರನೆಯ ಶತಮಾನದ ಲಿಪಿ ಈಗಿನವರಿಗೆ ನೇರವಾಗಿ ಓದಲು ಬರುವುದಿಲ್ಲ, ಮಗು ಪೆಚ್ಚಾಗುತ್ತದೆ. ಹೊರಡುವ ಮೊದಲೇ ಕನ್ನಡ ಲಿಪಿ ಬೆಳೆದುಬಂದ ಪಟವೊಂದನ್ನು ಮುದ್ರಿಸಿಕೊಂಡು, ಎರಡೇ ಅಕ್ಷರ ಗುರುತು ಮಾಡಿಕೊಡಿ. ‘ಗ’ ಒಳ್ಳೆಯದು: ಆಗ ತಲೆಕಟ್ಟು ಇಲ್ಲ, ಬರೀ ಕಮಾನು. ‘ಮಂಗಳೇಶ’ದಲ್ಲೂ ಅದು ಇದೆ, ‘ಕಲ್ಮನೆಗೆ’ಯಲ್ಲೂ ಇದೆ. ಅದೊಂದನ್ನು ಹುಡುಕಿದರೆ ಗೆದ್ದ ಹಾಗೆ.

ಶಾಸನ ಕಾಣಿಸುವುದಿಲ್ಲ ಎಂಬ ದೂರಿಗೆ ಕಾರಣ ಬೆಳಕು. ಎದುರಿನಿಂದ ನೇರ ಬೆಳಕು ಬಿದ್ದರೆ ಕೊರೆದ ಗೆರೆಯಲ್ಲಿ ನೆರಳು ಬೀಳುವುದಿಲ್ಲ, ಕಲ್ಲು ಚಪ್ಪಟೆಯಾಗಿ ಕಾಣುತ್ತದೆ. ಮೊಬೈಲ್ ಟಾರ್ಚನ್ನು ಗೋಡೆಗೆ ಹೆಚ್ಚುಕಡಿಮೆ ಒರಗಿಸಿದಂತೆ ಪಕ್ಕದಿಂದ ಹಿಡಿಯಿರಿ, ಗೋಡೆ ಮುಟ್ಟಬೇಡಿ. ಅಕ್ಷರಗಳು ಒಮ್ಮೆಲೇ ಎದ್ದು ಬರುತ್ತವೆ, ಟಾರ್ಚ್ ತಿರುಗಿಸಿದರೆ ಮತ್ತೆ ಅಡಗುತ್ತವೆ. ಮಕ್ಕಳು ಇದನ್ನು ಹತ್ತು ಸಲ ಮಾಡುತ್ತಾರೆ, ಮಾಡಲಿ. ಸುಣ್ಣದ ಪುಡಿ, ಸೀಮೆಸುಣ್ಣ, ನೀರು ಬಳಿಯುವುದು ಮಾತ್ರ ಬೇಡವೇ ಬೇಡ. ಮರಳುಗಲ್ಲು ಅದು, ಸವೆಯುತ್ತದೆ. ಕೈಯ ಎಣ್ಣೆಯಂಶ ಕೂಡ ಹಿಡಿದುಕೊಳ್ಳುತ್ತದೆ. ಕಾಗದ ಒತ್ತಿ ಅಚ್ಚು ತೆಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಆ ಒಂದು ಕಲ್ಲು ಮುಗಿದ ಮೇಲೂ ಹುರುಪು ಉಳಿದಿದ್ದರೆ, ಕೆರೆಯ ಈಶಾನ್ಯ ಮಗ್ಗುಲಿನ ಬಂಡೆಯಲ್ಲಿ, ಸುಮಾರು 700ರ, ಕಪ್ಪೆ ಅರಭಟ್ಟ ಎಂಬ ವೀರನ ಶಾಸನವಿದೆ. ನಮಗೆ ತಿಳಿದ ಅತ್ಯಂತ ಹಳೆಯ ತ್ರಿಪದಿಗಳು ಇದರಲ್ಲಿವೆ. ‘ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ, ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್, ಮಾಧವನೀತನ್ ಪೆರನಲ್ಲ’. ಸರ್ವಜ್ಞನ ತ್ರಿಪದಿ ಬಾಯಿಪಾಠ ಬರುವ ಮಗುವಿಗೆ ಅದೇ ಧಾಟಿಯಲ್ಲಿ ಇದನ್ನು ಹೇಳಿ ತೋರಿಸಿ. ಕೊನೆಯ ‘ಪೆರ’ ಎಂದರೆ ಬೇರೆಯವನು. ಪಾಲು ಹಾಲಾದದ್ದು, ಪುಲಿ ಹುಲಿಯಾದದ್ದು ಇಲ್ಲೇ ಹೇಳಿಕೊಡಬಹುದು. ಮನೆಗೆ ಬರುವವರೆಗೂ ಕಾರಿನಲ್ಲಿ ಕಂಡದ್ದಕ್ಕೆಲ್ಲ ಪಕಾರ ಸೇರಿಸಿ ತಲೆ ತಿಂದರೆ ಅದು ನಿಮ್ಮ ಹಣೆಬರಹ.

ಐಹೊಳೆಯಲ್ಲಿ ಮಕ್ಕಳು ಕೇಳುವ ಮೊದಲ ಪ್ರಶ್ನೆ: ದುರ್ಗಾ ಗುಡಿಯಲ್ಲಿ ದುರ್ಗಮ್ಮ ಎಲ್ಲಿ? ಹೆಸರು ಬಂದದ್ದು ದೇವಿಯಿಂದಲ್ಲ, ದುರ್ಗದಿಂದ, ಅಂದರೆ ಕೋಟೆಯಿಂದ. ಲಾಡಖಾನ್ ಗುಡಿಯ ಹೆಸರೂ ಹಾಗೆಯೇ, ಆಮೇಲೆ ಅಲ್ಲಿ ವಾಸವಿದ್ದವನದು. ಹೆಸರು ನೋಡಿ ಇತಿಹಾಸ ಕಟ್ಟಬಾರದು ಎನ್ನುವುದಕ್ಕೆ ಇದಕ್ಕಿಂತ ಸುಲಭದ ಪಾಠ ಇಲ್ಲ. ವಾತಾಪಿ, ಇಲ್ವಲ ಎಂಬ ರಾಕ್ಷಸರನ್ನು ಅಗಸ್ತ್ಯರು ಮುಗಿಸಿದ ಕತೆಯನ್ನೂ ಚೆನ್ನಾಗಿಯೇ ಹೇಳಿ, ಆದರೆ ‘ಇದು ಪುರಾಣ, ಅದು ಕಲ್ಲಿನಲ್ಲಿ ಬರೆದಿದ್ದು’ ಎಂದು ಬೇರೆ ಮಾಡಿ ಹೇಳಿ. ಗೈಡ್‌ಗಳು ಎರಡನ್ನೂ ಕಲಸಿಬಿಡುತ್ತಾರೆ.

ಐಹೊಳೆಯ ಕಲ್ಲು ಗುಡ್ಡದ ಮೇಲಿನ ಮೇಗುಟಿ ಬಸದಿಯಲ್ಲಿದೆ. ಕವಿ ರವಿಕೀರ್ತಿ ಬರೆದ ಶಾಸನ, ಸಂಸ್ಕೃತ ಭಾಷೆ, ಹಳಗನ್ನಡ ಲಿಪಿ. ಭಾಷೆ ಬೇರೆ, ಲಿಪಿ ಬೇರೆ ಎಂಬುದು ಮಕ್ಕಳಿಗೆ ಹೊಸ ವಿಷಯ. ಶಕ 556 ಎಂದಿದೆ, ಕೂಡಿಸಲಿ: 634. ಇಮ್ಮಡಿ ಪುಲಿಕೇಶಿಯ ಮುಂದೆ ಹರ್ಷನ ಹರ್ಷವೇ ಕರಗಿತು ಎಂಬ ಶ್ಲೇಷೆ ಹೈಸ್ಕೂಲ್ ಮಕ್ಕಳಿಗೆ ಹಿಡಿಸುತ್ತದೆ. ಶಾಸನ ಪೂರ್ವದ ಗೋಡೆಯಲ್ಲಿರುವುದರಿಂದ ಬೆಳಗಿನ ಎಳೆಬಿಸಿಲು ನೇರ ಬಡಿದು ಏನೂ ಕಾಣದು. ಹನ್ನೊಂದರ ಸುಮಾರಿಗೆ ಬಿಸಿಲು ಮೇಲಿನಿಂದ ಸವರಿ ಇಳಿಯುವಾಗ ಓದಲು ಚೆನ್ನ.

ಪಟ್ಟದಕಲ್ಲಿನಲ್ಲಿ ಓದುವುದು ಬಿಡಿ, ಬರೆಸಿ. ಗಳಗನಾಥ ಮತ್ತು ಸಂಗಮೇಶ್ವರ ಗುಡಿಗಳ ಶಿಖರಗಳ ಹೊರಗೆರೆಯನ್ನಷ್ಟೇ ಪೆನ್ಸಿಲ್ಲಿನಲ್ಲಿ, ಹತ್ತು ನಿಮಿಷ. ಒಂದು ಬಾಗಿ ಮೇಲೇರುತ್ತದೆ, ಇನ್ನೊಂದು ಮೆಟ್ಟಿಲು ಮೆಟ್ಟಿಲಾಗಿ. ಬಾಗಿದ್ದು ನಾಗರ ಶೈಲಿ, ಮೆಟ್ಟಿಲಿನದು ದ್ರಾವಿಡ ಎಂಬ ಮಾತು ಚಿತ್ರ ಮುಗಿದ ಮೇಲೆ ಹೇಳಿ, ಮೊದಲು ಬೇಡ. ವಿರೂಪಾಕ್ಷ ಗುಡಿ ಲೋಕಮಹಾದೇವಿ ಕಟ್ಟಿಸಿದ್ದು, ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ. ಕಟ್ಟಿದವನ ಹೆಸರೂ ಶಾಸನದಲ್ಲಿದೆ: ಗುಂಡ, ಅನಿವಾರಿತಾಚಾರಿ. 642ರಲ್ಲಿ ಕಂಚಿಯ ಪಲ್ಲವ ರಾಜ ನರಸಿಂಹವರ್ಮ ಬಾದಾಮಿ ಹಿಡಿದದ್ದಕ್ಕೂ ಈ ಕಂಚಿ ವಿಜಯಕ್ಕೂ ನಡುವೆ ಎಷ್ಟು ತಲೆಮಾರು? ಪುಲಿಕೇಶಿ, ವಿಕ್ರಮಾದಿತ್ಯ, ವಿನಯಾದಿತ್ಯ, ವಿಜಯಾದಿತ್ಯ, ಮತ್ತೆ ವಿಕ್ರಮಾದಿತ್ಯ. ಮಕ್ಕಳು ಪಕ್ಕದಲ್ಲೇ ತಮ್ಮ ಮನೆಯ ಐದು ತಲೆಮಾರು ಬರೆಯಲಿ. ಹೆಚ್ಚಿನ ಮನೆಗಳಲ್ಲಿ ನಾಲ್ಕನೆಯ ಹೆಸರಿಗೆ ಅಜ್ಜಿಗೆ ಫೋನ್ ಹೋಗುತ್ತದೆ.

ಇನ್ನು ಪ್ರವಾಸ ಕೆಡಿಸುವ ಸಂಗತಿಗಳು. ಬಾದಾಮಿ ಗುಹೆಗಳಲ್ಲಿ ಕೋತಿ ಕಾಟ: ಕೈಚೀಲ, ಪ್ಲಾಸ್ಟಿಕ್ ಕವರ್, ನೀರಿನ ಬಾಟಲಿ ಕಣ್ಣಿಗೆ ಬಿದ್ದರೆ ಕಸಿಯುತ್ತವೆ. ತಿಂಡಿ ಕೆಳಗೇ ಮುಗಿಸಿ, ಎಲ್ಲವನ್ನೂ ಬೆನ್ನಿನ ಬ್ಯಾಗಿನಲ್ಲಿ ಜಿಪ್ ಹಾಕಿ ಒಯ್ಯಿರಿ. ಕಸಿದರೆ ಎಳೆದಾಡದೆ ಬಿಟ್ಟುಬಿಡಿ. ವಿರೂಪಾಕ್ಷದಲ್ಲಿ ಪೂಜೆ ನಡೆಯುತ್ತದೆ, ಚಪ್ಪಲಿ ಬಿಡಬೇಕು. ಮಧ್ಯಾಹ್ನದ ಕಲ್ಲು ಹಂಚಿನಂತೆ ಕಾದಿರುತ್ತದೆ, ಮಕ್ಕಳಿಗೆ ಒಂದು ಜೊತೆ ದಪ್ಪ ಕಾಲುಚೀಲ ಇರಲಿ. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್-ಮೇ ರಜೆಯಲ್ಲೇ ಹೋಗಬೇಕೆಂದರೆ ಹನ್ನೊಂದರ ನಂತರ ರೂಮಿಗೆ ಬನ್ನಿ, ಮೇಗುಟಿ ಶಾಸನದ ಆಸೆಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಬಾದಾಮಿ, ಐಹೊಳೆಯ ವಸ್ತುಸಂಗ್ರಹಾಲಯಗಳಿಗೆ ಶುಕ್ರವಾರ ರಜೆ. ಗುರುವಾರ ಸಂಜೆ ಬಂದಿಳಿದು ಶನಿವಾರ ಬೆಳಿಗ್ಗೆ ಹೊರಡುವವರು ಸರಿಯಾಗಿ ಇದಕ್ಕೇ ಸಿಕ್ಕಿಬೀಳುತ್ತಾರೆ.

ಮುಂದಿನ ರಜೆಗೆ ಕಂಚಿ ಇದ್ದರೆ, ಕೈಲಾಸನಾಥ ಗುಡಿಯಲ್ಲಿ ಇದೇ ವಿಕ್ರಮಾದಿತ್ಯನ ಕನ್ನಡ ಶಾಸನವಿದೆ, ಗೆದ್ದ ಮೇಲೆ ದೇವರ ಸೊತ್ತನ್ನು ದೇವರಿಗೇ ಮರಳಿಸಿದ್ದನ್ನು ಹೇಳುವಂಥದ್ದು. ಟಾರ್ಚ್ ಮರೆಯಬೇಡಿ.