ಚಿತ್ತುಗಳಿದ್ದ ಹಾಳೆ

ಆ ದಿನ ತರಗತಿಗೆ ಹೊರಟಾಗ ನನ್ನ ಕೈಯಲ್ಲಿ ಗೆರೆಯಿಲ್ಲದ ಬಿಳಿ ಹಾಳೆಗಳ ಒಂದು ಕಟ್ಟು ಇತ್ತು. 34 ವಿದ್ಯಾರ್ಥಿಗಳು, ತಲಾ 2 ಹಾಳೆ, 50 ನಿಮಿಷ. ಮೊಬೈಲುಗಳನ್ನು ಆರಿಸಿ ಚೀಲದೊಳಗೆ ಇಡಬೇಕು, ಪೆನ್ನು ಬಿಟ್ಟರೆ ಬೇರೇನೂ ಮೇಜಿನ ಮೇಲೆ ಇರಕೂಡದು ಎಂದು ಹಿಂದಿನ ದಿನವೇ ತಿಳಿಸಿದ್ದೆ. 20 ವರ್ಷಗಳಿಂದ ಭಾಷಾ ತರಗತಿಗಳಲ್ಲಿ ಪ್ರಬಂಧ ಬರೆಸುತ್ತ ಬಂದಿರುವ ನನಗೆ, ಹಾಗೆ ಹೇಳುವಾಗ ಕಳೆದುಹೋದದ್ದೇನನ್ನೋ ಮರಳಿ ಪಡೆಯುತ್ತಿರುವ ಸಮಾಧಾನವಿತ್ತು. ಆ ಸಮಾಧಾನದ ಹಿಂದೆ, ಒಂದು ವಾರದ ಕೆಳಗೆ ನಾನು ಮಾಡಿದ್ದ ತಪ್ಪೊಂದು ಅಡಗಿತ್ತೆಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ಆದದ್ದು ಇಷ್ಟು. ಮನೆಯಿಂದ ಬರೆದು ತರಲು ಕೊಟ್ಟಿದ್ದ ಪ್ರಬಂಧಗಳನ್ನು ತಿದ್ದುತ್ತಿದ್ದಾಗ ಅವುಗಳಲ್ಲಿ ಹಲವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಂಡವು: ಮೂರು ಕಾರಣ, ಮೂರು ಪರಿಣಾಮ, ಕೊನೆಗೊಂದು ಭರವಸೆಯ ಸಾಲು. 2022ರ ನವೆಂಬರ್ 30ರಂದು, ಕೇಳಿದ್ದನ್ನು ಬರೆದುಕೊಡುವ ಚಾಟ್‌ಜಿಪಿಟಿ ಎಂಬ ಯಂತ್ರ ಸಾರ್ವಜನಿಕರ ಬಳಕೆಗೆ ಬಂದ ಮೇಲೆ, ಪ್ರಬಂಧ ತಿದ್ದುವವರಿಗೆಲ್ಲ ಈ ಅನುಮಾನದ ಪರಿಚಯವಿದ್ದೇ ಇದೆ. ಅದನ್ನು ಬಗೆಹರಿಸಿಕೊಳ್ಳಲು ನಾನು ಯಂತ್ರದ ಬರಹವನ್ನು ಪತ್ತೆಹಚ್ಚುವುದಾಗಿ ಹೇಳಿಕೊಳ್ಳುವ ತಂತ್ರಾಂಶವೊಂದಕ್ಕೆ ಎಲ್ಲ ಪ್ರಬಂಧಗಳನ್ನೂ ಕೊಟ್ಟೆ. ನನ್ನ ವಿದ್ಯಾರ್ಥಿಗಳು ಬರೆಯುವ ಭಾಷೆಯಲ್ಲಿ ಅದು ಎಷ್ಟರಮಟ್ಟಿಗೆ ನಂಬಲರ್ಹ ಎಂದು ಕೇಳಿಕೊಳ್ಳುವ ವ್ಯವಧಾನವೂ ನನಗಿರಲಿಲ್ಲ. ಅದು ಬೆರಳು ಮಾಡಿ ತೋರಿಸಿದವುಗಳಲ್ಲಿ ತರಗತಿಯ ಹಿಂದಿನ ಸಾಲಿನಲ್ಲಿ ಕೂರುವ, ಹೆಚ್ಚು ಮಾತನಾಡದ ವಿದ್ಯಾರ್ಥಿನಿಯೊಬ್ಬಳ ಪ್ರಬಂಧವೂ ಇತ್ತು. ಅವಳನ್ನು ಕರೆಸಿ, "ಇದನ್ನು ನೀನೇ ಬರೆದೆಯಾ?" ಎಂದು ಕೇಳಿದೆ. ಆ ಪ್ರಶ್ನೆಯಲ್ಲಿ ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡ ಧಾಟಿಯಿತ್ತು ಎಂಬುದು ಈಗ ನೆನೆದರೂ ಮುಜುಗರವಾಗುತ್ತದೆ.

ಅವಳು ವಾದಿಸಲಿಲ್ಲ. ಮೊಬೈಲು ತೆಗೆದು ಐದು ದಿನಗಳ ಐದು ಟಿಪ್ಪಣಿಗಳನ್ನು ಒಂದೊಂದಾಗಿ ತೋರಿಸಿದಳು. ಮೊದಲನೆಯದು ಫೋನಿಗೆ ಮಾತನಾಡಿ ದಾಖಲಿಸಿಕೊಂಡ ಪಠ್ಯ. ಅದರಲ್ಲಿ ಅಲ್ಪವಿರಾಮವೂ ಇಲ್ಲ, ಪೂರ್ಣವಿರಾಮವೂ ಇಲ್ಲ. ನಡುವೆ "ಅಲ್ಲ ಅಲ್ಲ ಅದು ಬೇಡ" ಎಂದು ತನಗೆ ತಾನೇ ಹೇಳಿಕೊಂಡದ್ದು ಸಹ ಅಕ್ಷರವಾಗಿ ಬಿದ್ದಿತ್ತು. ಎರಡನೆಯದರಲ್ಲಿ ಆ ಮಾತುಗಳ ರಾಶಿ ಅರ್ಧಕ್ಕಿಳಿದಿತ್ತು. ಮೂರನೆಯದರಲ್ಲಿ ವಾಕ್ಯಗಳು ಕಾಣಿಸಿಕೊಂಡಿದ್ದವು, ನಾಲ್ಕನೆಯದರಲ್ಲಿ ಕೊನೆಯಲ್ಲಿದ್ದ ಒಂದು ಘಟನೆ ಮೊದಲಿಗೆ ಬಂದಿತ್ತು. ಐದನೆಯದು ನನಗೆ ಕೊಟ್ಟ ಪ್ರಬಂಧ. "ನಾನು ಮೊದಲು ಮಾತಾಡ್ತೀನಿ ಸರ್, ಆಮೇಲೆ ಅದನ್ನ ಬರಹ ಮಾಡ್ತೀನಿ" ಎಂದಳು. ನಾನು ಕ್ಷಮೆ ಕೇಳಿದೆ. ಅವಳು "ಪರವಾಗಿಲ್ಲ ಸರ್" ಎಂದು ಹೋದಳು. ಆದರೆ ಆ ವಾರವಿಡೀ ತರಗತಿಯಲ್ಲಿ ಅವಳು ತಲೆಯೆತ್ತಿ ನೋಡಿದ್ದನ್ನು ನಾನು ಕಾಣಲಿಲ್ಲ.

ಮೊದಲೇ ಓದಬೇಕಾಗಿದ್ದುದನ್ನು ನಾನು ಆಮೇಲೆ ಓದಿದೆ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥದೊಂದು ಪತ್ತೆ ಸಾಧನವನ್ನು ಹೊರತಂದಿತ್ತು. ಯಂತ್ರ ಬರೆದ ಪಠ್ಯಗಳಲ್ಲಿ ಶೇ 26ರಷ್ಟನ್ನು ಮಾತ್ರ ಅದು ಸರಿಯಾಗಿ ಗುರುತಿಸುತ್ತದೆ, ಮನುಷ್ಯರು ಬರೆದವುಗಳಲ್ಲಿ ಶೇ 9ರಷ್ಟನ್ನು ಯಂತ್ರದ್ದೆಂದು ತಪ್ಪಾಗಿ ತಿಳಿಯುತ್ತದೆ ಎಂದು ಸಂಸ್ಥೆಯೇ ಹೇಳಿತ್ತು, ಮತ್ತು ಅದೇ ವರ್ಷ ಜುಲೈನಲ್ಲಿ ನಿಖರತೆ ಸಾಲದೆಂಬ ಕಾರಣಕ್ಕೆ ಅದನ್ನು ಹಿಂತೆಗೆದುಕೊಂಡಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಅದೇ ವರ್ಷ 7 ಪತ್ತೆ ಸಾಧನಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆಂದು ಬರೆದ 91 ಪ್ರಬಂಧಗಳ ಪೈಕಿ ಸರಾಸರಿ ಅರ್ಧಕ್ಕಿಂತ ಹೆಚ್ಚಿನವು ಯಂತ್ರದ ಬರಹವೆಂಬ ತೀರ್ಪು ಪಡೆದವು. ಸರಳ ಪದಗಳನ್ನು, ಊಹಿಸಬಹುದಾದ ವಾಕ್ಯಗಳನ್ನು ಬಳಸುವವರೇ ಈ ಸಾಧನಗಳ ಕಣ್ಣಿಗೆ ಮೊದಲು ಬೀಳುತ್ತಾರೆ. ಎಂದರೆ, ಪರಭಾಷೆಯಲ್ಲಿ ಎಚ್ಚರದಿಂದ ಹೆಜ್ಜೆಯಿಡುವ ವಿದ್ಯಾರ್ಥಿಯೇ ಅಪರಾಧಿಯಂತೆ ಕಾಣುತ್ತಾನೆ.

ಇಷ್ಟೆಲ್ಲ ತಿಳಿದ ಮೇಲೂ ನನ್ನ ಅನುಮಾನ ಹೋಗಲಿಲ್ಲ. ಅದು ಬೇರೆ ದಾರಿ ಹುಡುಕಿತು ಅಷ್ಟೆ. ಎಲ್ಲರೂ ನನ್ನ ಕಣ್ಣೆದುರೇ ಕೈಯಲ್ಲಿ ಬರೆಯಲಿ ಎಂದು ನಿರ್ಧರಿಸಿದೆ. ಈ ನಿರ್ಧಾರಕ್ಕೆ ಆಧಾರಗಳೇನೂ ಕಡಿಮೆಯಿರಲಿಲ್ಲ. ಫಿನ್ಲೆಂಡ್ 2016ರಿಂದ ಕೂಡಕ್ಷರದ (ಕರ್ಸಿವ್) ಬರವಣಿಗೆಯನ್ನು ಕಡ್ಡಾಯ ಕಲಿಕೆಯಿಂದ ಕೈಬಿಟ್ಟು ಕೀಲಿಮಣೆಗೆ ಸ್ಥಾನ ಕೊಟ್ಟಿದ್ದರೆ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2023ರಲ್ಲಿ ಕಾನೂನು ಮಾಡಿ ಅದೇ ಬರವಣಿಗೆಯನ್ನು ಪ್ರಾಥಮಿಕ ತರಗತಿಗಳಿಗೆ ಮರಳಿ ತಂದಿತ್ತು. ನನಗೆ ಎರಡನೆಯದೇ ವಿವೇಕವೆಂದು ತೋರಿತು. ಉಪನ್ಯಾಸವನ್ನು ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡವರಿಗಿಂತ ಕೈಯಲ್ಲಿ ಬರೆದುಕೊಂಡವರು ಪರಿಕಲ್ಪನೆಗಳ ಪ್ರಶ್ನೆಗಳಿಗೆ ಉತ್ತಮವಾಗಿ ಉತ್ತರಿಸಿದರು ಎಂಬ 2014ರ ಪ್ರಸಿದ್ಧ ಅಧ್ಯಯನವನ್ನು ಸಹೋದ್ಯೋಗಿಗಳಿಗೆ ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. 2019ರಲ್ಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿದವರಿಗೆ ಅಂಥ ಸ್ಪಷ್ಟ ವ್ಯತ್ಯಾಸ ಕಾಣಿಸಲಿಲ್ಲ ಎಂಬುದೂ ಗೊತ್ತಿತ್ತು. ಅದನ್ನು ಮಾತ್ರ ಅಷ್ಟು ಉತ್ಸಾಹದಿಂದ ಯಾರಿಗೂ ಹೇಳಿರಲಿಲ್ಲ.

ಹಾಳೆಗಳನ್ನು ಹಂಚಿ, ಕರಿಹಲಗೆಯ ಮೇಲೆ ವಿಷಯ ಬರೆದೆ: "ನಾನು ಅಭಿಪ್ರಾಯ ಬದಲಿಸಿಕೊಂಡ ಒಂದು ಸಂದರ್ಭ." ನಾಲ್ಕು ಹಾಳೆ ಉಳಿದವು. ಮೇಲ್ವಿಚಾರಕನಂತೆ ಅತ್ತಿಂದಿತ್ತ ಓಡಾಡುವುದು ಆ ದಿನ ಏಕೋ ಸರಿಯೆನಿಸದೆ, ನಾನೂ ಮೇಜಿಗೆ ಕುಳಿತು ಅದೇ ವಿಷಯದ ಮೇಲೆ ಬರೆಯತೊಡಗಿದೆ. ಉಕ್ತಲೇಖನ ವ್ಯರ್ಥವೆಂದು ತಿಳಿದಿದ್ದ ನಾನು ಅದರಲ್ಲೂ ಒಂದು ಗುಣ ಕಂಡುಕೊಂಡದ್ದರ ಬಗ್ಗೆ ಬರೆಯುವುದೆಂದು ಗೊತ್ತುಮಾಡಿಕೊಂಡೆ. 50 ನಿಮಿಷ ನನಗೆ ಹೆಚ್ಚೇ ಆದೀತು ಎಂದುಕೊಂಡಿದ್ದೆ.

ಹತ್ತು ನಿಮಿಷಗಳಲ್ಲಿ ಹೆಬ್ಬೆರಳಿನ ಬುಡ ನೋಯತೊಡಗಿತು. ಅದು ಸಣ್ಣ ವಿಷಯ. ಪೆನ್ನು ನಡೆಯುತ್ತಿದ್ದರೂ ಬರಹ ನಡೆಯದಿದ್ದುದು ನನ್ನನ್ನು ಹೆಚ್ಚು ಕಾಡಿತು. ಮೂರನೆಯ ವಾಕ್ಯ ಬರೆದ ಮೇಲೆ ಅದು ಮೊದಲನೆಯದಾಗಬೇಕಿತ್ತೆಂದು ಹೊಳೆಯಿತು. ಪರದೆಯ ಮೇಲೆ ಅದನ್ನು ಎತ್ತಿ ಮೇಲಿಡುವುದು ಕ್ಷಣದ ಕೆಲಸ, ಹಾಳೆಯ ಮೇಲೆ ಒಂದು ಬಾಣ ಎಳೆದೆ. ಸ್ವಲ್ಪ ಹೊತ್ತಿನಲ್ಲಿ ಆ ಬಾಣಕ್ಕೆ ಅಡ್ಡವಾಗಿ ಇನ್ನೊಂದು ಬಾಣ ಬಂತು. ಹಿಂದೆ ನಾನು ಪ್ರಬಂಧ ಬರೆಯುತ್ತಿದ್ದಾಗ ಮುಂದಿನ ವಾಕ್ಯವನ್ನು ತಲೆಯಲ್ಲಿ ಪೂರ್ತಿ ಕಟ್ಟಿಕೊಂಡ ಮೇಲೆಯೇ ಪೆನ್ನು ಊರುತ್ತಿದ್ದೆ, ಏಕೆಂದರೆ ತಿದ್ದುವುದು ದುಬಾರಿಯಾಗಿತ್ತು. ಈಗ ಮೊದಲು ಏನಾದರೊಂದನ್ನು ಇಳಿಸಿ, ಕಣ್ಣಿಗೆ ಕಂಡದ್ದನ್ನು ಕಂಡಂತೆ ತಿದ್ದುತ್ತ ಹೋಗುತ್ತೇನೆ. ಯಾವ ವರ್ಷ ಈ ಅಭ್ಯಾಸ ಬದಲಾಯಿತೋ ನನಗೆ ತಿಳಿದೇ ಇಲ್ಲ. ವಿದ್ಯಾರ್ಥಿಗಳು ಬದಲಾದರೆಂದು ದೂರುತ್ತಿದ್ದ ನಾನು ಅವರಿಗಿಂತ ಮುಂಚೆಯೇ ಆಚೆಯ ದಡ ಸೇರಿಯಾಗಿತ್ತು.

ಅಷ್ಟರಲ್ಲಿ "ವೈಶಿಷ್ಟ್ಯ" ಎಂಬ ಪದ ಬಂತು. ಷಕಾರದ ಕೆಳಗೆ ಟಕಾರದ ಒತ್ತು ಬರೆದು, ಯಕಾರದ ಒತ್ತನ್ನು ಎಲ್ಲಿಂದ ಸುತ್ತಿ ತರಬೇಕೆಂದು ಕೈ ಒಂದು ಗಳಿಗೆ ತಡವರಿಸಿತು. ಕೀಲಿಮಣೆಯಲ್ಲಿ ಧ್ವನಿಗಳನ್ನು ಸಾಲಾಗಿ ಒತ್ತಿದರೆ ಸಾಕು, ಆಕಾರವನ್ನು ತಂತ್ರಾಂಶ ಕಟ್ಟಿಕೊಡುತ್ತದೆ. ಅಕ್ಷರದ ಉಚ್ಚಾರ ನನ್ನಲ್ಲಿ ಉಳಿದಿತ್ತು, ಆಕೃತಿಯನ್ನು ಫೋನಿಗೆ ಒಪ್ಪಿಸಿಬಿಟ್ಟಿದ್ದೆ. ಆಮೇಲೆ ವಿದ್ಯಾರ್ಥಿಗಳ ಹಾಳೆಗಳಲ್ಲೂ ಇಂಥದೇ ಒಂದು ಸಂಗತಿ ಕಂಡಿತು. "ಅರ್ಥ" ಎಂದು ಬರೆಯುವಾಗ ನಾವು ಕೈಯಲ್ಲಿ ಮೊದಲು ಥಕಾರ ಬರೆದು ಅದರ ಬಲಕ್ಕೆ ಅರ್ಕಾವೊತ್ತು ಹಾಕುತ್ತೇವೆ. ಕೀಲಿಮಣೆಯಲ್ಲಾದರೋ ರೇಫವನ್ನೇ ಮೊದಲು ಒತ್ತಬೇಕು. ಐದಾರು ವಿದ್ಯಾರ್ಥಿಗಳು ಪೆನ್ನಿನಿಂದಲೂ ರಕಾರವನ್ನೇ ಮೊದಲು ಬರೆದು ಥಕಾರವನ್ನು ಅದರ ಕೆಳಗೆ ಒತ್ತಾಗಿ ಇಟ್ಟಿದ್ದರು. ಬೆರಳಿನ ಕ್ರಮ ಕೈಬರಹಕ್ಕೆ ಇಳಿದಿದೆ ಎಂಬುದು ನನ್ನ ಊಹೆ. ಹಳೆಯ ಅಭ್ಯಾಸದಂತೆ ಕೆಂಪು ಪೆನ್ನು ಅದರ ಕಡೆಗೆ ಹೋಯಿತಾದರೂ, ಓದಲು ಏನೂ ತೊಡಕಾಗದಿದ್ದುದನ್ನು ತಪ್ಪೆಂದು ಹೇಗೆ ಗುರುತಿಸುವುದೆಂದು ತಿಳಿಯದೆ ಹಾಗೆಯೇ ಬಿಟ್ಟೆ.

ಅರ್ಧ ಗಂಟೆ ಕಳೆದಿರಬೇಕು. ತಲೆಯೆತ್ತಿದಾಗ ಹಿಂದಿನ ಸಾಲಿನಲ್ಲಿ ಆ ಹುಡುಗಿಯ ತುಟಿಗಳು ಅಲುಗುತ್ತಿದ್ದವು. "ಮಾತು ಬೇಡ" ಎನ್ನಲು ಬಾಯಿ ತೆರೆದವನು ಅಲ್ಲಿಯೇ ತಡೆದುಕೊಂಡೆ. ಅವಳು ಯಾರೊಂದಿಗೂ ಮಾತನಾಡುತ್ತಿರಲಿಲ್ಲ, ಬರೆಯುತ್ತಿದ್ದಳು. ಪರೀಕ್ಷೆಯ ಕೋಣೆಯಲ್ಲಿ ಮೌನ ಎಂಬ ನಿಯಮವನ್ನು ನಾವು ನಕಲು ತಡೆಯಲೆಂದು ಮಾಡಿಕೊಂಡೆವು. ಅದರಿಂದ ಇಂಥವರ ಮೊದಲ ಕರಡೇ ಕಳೆದುಹೋಗುತ್ತದೆ ಎಂದು 20 ವರ್ಷಗಳಲ್ಲಿ ಒಮ್ಮೆಯೂ ನನಗೆ ತೋಚಿರಲಿಲ್ಲ.

ಆ ಸಂಜೆ 34 ಪ್ರಬಂಧಗಳನ್ನು ಓದಿದೆ. ನನ್ನ ನಿರೀಕ್ಷೆಯಂತೆ ಅವು ಹೆಚ್ಚು ಪ್ರಾಮಾಣಿಕವಾಗಿದ್ದವು; ನಾನು ನಿರೀಕ್ಷಿಸದಿದ್ದಂತೆ, ಹೆಚ್ಚು ಬಡವಾಗಿಯೂ ಇದ್ದವು. ಮೂರು ಕಾರಣ, ಮೂರು ಪರಿಣಾಮಗಳ ಅದೇ ಅಚ್ಚು ಯಾವ ಯಂತ್ರದ ನೆರವೂ ಇಲ್ಲದೆ ಹದಿನೈದಕ್ಕೂ ಹೆಚ್ಚು ಹಾಳೆಗಳಲ್ಲಿ ಮತ್ತೆ ಕಾಣಿಸಿತು. ಅಲ್ಲಿಗೆ ಒಂದು ವಿಷಯ ಖಚಿತವಾಯಿತು: ಆ ಅಚ್ಚನ್ನು ಯಂತ್ರ ಅವರಿಗೆ ಕಲಿಸಿರಲಿಲ್ಲ, ನಾವು ಕಲಿಸಿದ್ದೆವು. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂದು ಅಂಕ ಹಂಚಿ, ಮುಗಿದ ಹಾಳೆಯನ್ನು ಮಾತ್ರ ನೋಡುತ್ತ ಬಂದವರು ನಾವು. ಯಂತ್ರಕ್ಕೆ ಚೆನ್ನಾಗಿ ಬರುವುದೂ ಮುಗಿದ ಹಾಳೆಯೇ. 1971ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ಜಾನೆಟ್ ಎಮಿಗ್ ಎಂಬ ಸಂಶೋಧಕಿ 12ನೇ ತರಗತಿಯ 8 ವಿದ್ಯಾರ್ಥಿಗಳಿಗೆ ಬರೆಯುವಾಗ ಮನಸ್ಸಿನಲ್ಲಿ ಬಂದದ್ದನ್ನು ಗಟ್ಟಿಯಾಗಿ ಹೇಳುತ್ತ ಬರೆಯುವಂತೆ ಕೇಳಿಕೊಂಡು ಗಮನಿಸಿದ್ದರು. ಶಾಲೆಗಾಗಿ ಬರೆಯುವಾಗ ಅವರು ಹೆಚ್ಚು ಯೋಚಿಸುವುದೂ ಇಲ್ಲ, ತಿದ್ದುವುದೂ ಇಲ್ಲ; ತಮಗಾಗಿ ಬರೆಯುವಾಗ ಎರಡನ್ನೂ ಮಾಡುತ್ತಾರೆ ಎಂದು ಎಮಿಗ್ ಕಂಡುಕೊಂಡರು. ಬರವಣಿಗೆಯನ್ನು ಫಲವಾಗಿ ನೋಡದೆ ಪ್ರಕ್ರಿಯೆಯಾಗಿ ಕಲಿಸಬೇಕೆಂಬ ವಾದ ಆ ದಶಕದಲ್ಲಿಯೇ ಬಲಗೊಂಡಿತು. ತರಬೇತಿಯ ದಿನಗಳಲ್ಲಿ ನಾನೂ ಅದನ್ನು ಪರೀಕ್ಷೆಗೆ ಓದಿ, ಅಂಕ ಪಡೆದು, ಮರೆತಿದ್ದೆ.

ಸಾಕ್ಷರತೆಯೆಂಬ ಮಾತಿನ ಅರ್ಥವನ್ನೇ ನೋಡಿದರೂ ಇದು ಕಾಣುತ್ತದೆ. ತನ್ನ ದಿನನಿತ್ಯದ ಬದುಕಿನ ಬಗ್ಗೆ ಒಂದು ಚಿಕ್ಕ, ಸರಳ ಹೇಳಿಕೆಯನ್ನು ಅರ್ಥಮಾಡಿಕೊಂಡು ಓದಬಲ್ಲ ಹಾಗೂ ಬರೆಯಬಲ್ಲ ವ್ಯಕ್ತಿ ಸಾಕ್ಷರ ಎಂದು ಯುನೆಸ್ಕೊ 1958ರಲ್ಲಿ ಹೇಳಿತ್ತು. ಮಾತಾಡಿ ಬರೆಸಿಕೊಳ್ಳುವ, ಬರೆದದ್ದನ್ನು ಫೋನಿಗೆ ಓದಲು ಬಿಟ್ಟು ಕೇಳಿಸಿಕೊಳ್ಳುವ ಈ ಹುಡುಗಿಯ ಕ್ರಮದಲ್ಲಿ ಓದು ಯಾವುದು, ಬರಹ ಯಾವುದು ಎಂದು ಗೆರೆ ಎಳೆಯುವುದು ನನ್ನಿಂದಾಗಲಿಲ್ಲ. "ಅರ್ಥಮಾಡಿಕೊಂಡು" ಎಂಬ ಮಾತು ಮಾತ್ರ ಅವಳ ಐದು ಕರಡುಗಳಲ್ಲಿಯೂ ಇತ್ತು. ಆ ದಿನ ಅವಳು ಕೈಯಲ್ಲಿ ಬರೆದುಕೊಟ್ಟ ಮುಕ್ಕಾಲು ಪುಟದಲ್ಲಿ ಮೊದಲ ವಾಕ್ಯವನ್ನು ನಾಲ್ಕು ಸಲ ಹೊಡೆದುಹಾಕಲಾಗಿತ್ತು, ಮತ್ತು ಹೊಡೆದುಹಾಕಿದ ಮೂರನೆಯ ವಾಕ್ಯವೇ ಎಲ್ಲಕ್ಕಿಂತ ಚೆನ್ನಾಗಿತ್ತು.

ಮರುವಾರ ಯಾವ ಹಾಳೆಗೂ ಅಂಕ ಹಾಕದೆ, ಎಲ್ಲವನ್ನೂ ಕಲಸಿ ತರಗತಿಯಲ್ಲಿ ಹಂಚಿದೆ. ನನ್ನದನ್ನೂ ಹೆಸರಿಲ್ಲದೆ ಅವುಗಳ ನಡುವೆ ಸೇರಿಸಿ, ಗೈರುಹಾಜರಾಗಿದ್ದ ಒಬ್ಬನ ಹಾಳೆಯನ್ನು ನಾನೇ ಇಟ್ಟುಕೊಂಡೆ. ಸಿಕ್ಕ ಹಾಳೆಯಲ್ಲಿ ಚಿತ್ತು ಮಾಡಿದ ಜಾಗಗಳನ್ನು ಓದಿ, ಬರೆದವರು ಅಲ್ಲಿ ಏನು ಮಾಡಲು ಹೊರಟಿದ್ದರೆಂದು ಅಂಚಿನಲ್ಲಿ ಬರೆಯಬೇಕು, ಅಷ್ಟೇ. ಮನೆಯಲ್ಲಿ ತಿದ್ದಿ ಬರೆಯುವಾಗ ಫೋನು ಬಳಸಬಹುದು, ಮಾತಾಡಿ ಬರೆಸಬಹುದು, ಬೇಕೆಂದರೆ ಯಂತ್ರವನ್ನೂ ಕೇಳಬಹುದು. ಆದರೆ ನಡುವಿನ ಕರಡುಗಳೆಲ್ಲ ಕೊನೆಯದರ ಜೊತೆಗೆ ಬರಬೇಕೆಂದೆ. ಕೆಲವರಿಗೆ ಇದು ಹೆಚ್ಚಿನ ಹೊರೆಯೆನಿಸಿತು. ಅದು ಹೊರೆಯೇ, ತಿದ್ದುವ ನನಗೂ.

ನನ್ನ ಹಾಳೆ ಅವಳ ಪಾಲಿಗೆ ಬಂದದ್ದು ಕೇವಲ ಆಕಸ್ಮಿಕ. ಕೈಬರಹ ನೋಡಿದೊಡನೆ ಅವಳಿಗೆ ಯಾರದ್ದೆಂದು ತಿಳಿದಿರಬೇಕು, ಏಕೆಂದರೆ ತರಗತಿ ಮುಗಿದ ಮೇಲೆ ಅದನ್ನು ನೇರವಾಗಿ ನನ್ನ ಮೇಜಿಗೇ ತಂದಳು. ಎರಡು ಬಾಣಗಳು ಒಂದನ್ನೊಂದು ಹಾಯುವ ಜಾಗದ ಪಕ್ಕದಲ್ಲಿ, ರಕಾರವನ್ನು ಮೊದಲು ಬರೆಯುವ ಅದೇ ಕೈಬರಹದಲ್ಲಿ, "ನಿಜವಾದ ವಿಷಯ ಇಲ್ಲಿಂದ ಶುರುವಾಗುತ್ತದೆ, ಮೇಲಿನದೆಲ್ಲ ಬೇಕಾಗಿರಲಿಲ್ಲ ಅನ್ನಿಸುತ್ತದೆ" ಎಂದು ಬರೆದಿದ್ದಳು. ನಾನು ಓದಿ ಮುಗಿಸುವವರೆಗೂ ಅಲ್ಲಿಯೇ ನಿಂತಿದ್ದು, "ತಿದ್ದಿದ್ದನ್ನ ಸೋಮವಾರ ತರಬೇಕು ಅಂದಿದ್ರಿ ಅಲ್ವಾ ಸರ್, ನಿಮಗೂ ಸೋಮವಾರಾನೇನಾ?" ಎಂದು ಕೇಳಿದಳು.