ಕೈ ಉದ್ದ ಇದ್ದವರಿಗೆ ಲಾಂಗ್‌ಬೋ: ಪೌಂಡಿನ ಮಾತು ಕೊನೆಗೆ

ನಾನು ಕೆಲಸ ಮಾಡುವುದು ಇಂಗ್ಲೆಂಡಿನ ಒಂದು ಬಿಲ್ಲು-ಬಾಣದ ಅಂಗಡಿಯಲ್ಲಿ. ತುದಿಯಲ್ಲಿ ಚಕ್ರ ಇರುವ ಕಾಂಪೌಂಡ್, ತುದಿ ಮುಂದಕ್ಕೆ ಬಾಗಿದ ರಿಕರ್ವ್ ಎಲ್ಲ ಇವೆ. ನನ್ನ ಪಾಲಿಗೆ ಬಂದಿರುವುದು ಲಾಂಗ್‌ಬೋ, ಅಂದರೆ ಹಳೆಯ ಕಾಲದ ಮಾದರಿಯ ಸರಳ ಉದ್ದ ಬಿಲ್ಲು. ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಪೌಂಡಿನದು ತಗೊಳ್ಳಲಿ?" ಸಾಮಾನ್ಯ ಎತ್ತರದವರಾದರೆ ಅಲ್ಲಿಂದ ಶುರು ಮಾಡಿದರೂ ನಡೆಯುತ್ತದೆ. ಆರಡಿ ದಾಟಿದವರು, ಎತ್ತರ ಅಷ್ಟಿಲ್ಲದಿದ್ದರೂ ಕೈ ಉದ್ದ ಇರುವವರು ಬಂದರೆ ಮಾತ್ರ ನಾನು ಕ್ರಮ ಬದಲಿಸುತ್ತೇನೆ. ಮೊದಲು ಎಳೆತ (ಹೆದೆಯನ್ನು ಎಷ್ಟು ಇಂಚು ಎಳೆಯುತ್ತಾರೆ ಅನ್ನುವುದು), ಆಮೇಲೆ ಬಿಲ್ಲಿನ ಉದ್ದ, ಪೌಂಡ್ (ಹಾಗೆ ಎಳೆಯಲು ಬೇಕಾದ ಬಲ) ಕೊನೆಗೆ.

ಯಾಕೆ ಅಂದರೆ ಬಿಲ್ಲಿನ ಮೇಲೆ ಬರೆದಿರುವ ಪೌಂಡ್ ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಲೆಕ್ಕ. 45 ಅಂತ ಇದ್ದರೆ 28 ಇಂಚಿಗೆ 45. ಅಲ್ಲಿಂದ ಮುಂದೆ ಪ್ರತಿ ಇಂಚಿಗೆ ಎರಡೂವರೆ, ಮೂರು ಪೌಂಡ್ ಏರುತ್ತಾ ಹೋಗುತ್ತದೆ. 31 ಇಂಚು ಎಳೆಯುವವರ ಬೆರಳಿಗೆ ಅದೇ ಬಿಲ್ಲು 53ರ ಆಸುಪಾಸು. ಅಂದರೆ ಅವರು ಕೊಂಡ ಬಿಲ್ಲೇ ಬೇರೆ, ಹೊಡೆಯುತ್ತಿರುವ ಬಿಲ್ಲೇ ಬೇರೆ.

ದಾವಣಗೆರೆ ಕಡೆಯ ಒಬ್ಬ ಎಂಜಿನಿಯರ್ ಬಂದಿದ್ದರು. ಆರಡಿ ನಾಲ್ಕಿಂಚು. ಫೋನಿನಲ್ಲಿ ಮನೆಯವರ ಜೊತೆ ಕನ್ನಡ ಮಾತಾಡಿದ್ದು ಕೇಳಿ ನಾನೇ ಮಾತಾಡಿಸಿದೆ. ಅವರ ಕಣ್ಣು 62 ಇಂಚಿನ ಒಂದು ಚೆಂದದ ಬಿಲ್ಲಿನ ಮೇಲಿತ್ತು. "ಸಾರ್, ಇದು ಹಗುರ ಇದೆ, ಕಾರಲ್ಲೂ ಹಿಡಿಯತ್ತೆ" ಅಂದರು. ಸರಿ, ಎಳೆಯುವ ಬಲ ತೋರಿಸುವ ಸ್ಕೇಲಿಗೆ ಹಾಕಿ ನೋಡೋಣ ಅಂದೆ. ಕೊಕ್ಕೆಯನ್ನು ಹೆದೆಗೆ ಸಿಕ್ಕಿಸಿ ಇಂಚಿಂಚೇ ಎಳೆದೆವು. 28ರ ತನಕ ಮುಳ್ಳು ಒಂದೇ ಸಮ ಏರಿತು. ಮುಂದಿನ ಇಂಚಿಗೆ ಮೂರು ಪೌಂಡ್, ಅದರ ಮುಂದಿನದಕ್ಕೆ ನಾಲ್ಕರ ಹತ್ತಿರ. 31ಕ್ಕೆ ಬರುವಷ್ಟರಲ್ಲಿ ಮುಳ್ಳು ನೆಗೆಯುವುದು ಕಣ್ಣಿಗೇ ಕಾಣುತ್ತಿತ್ತು. ಇದಕ್ಕೆ ಸ್ಟ್ಯಾಕಿಂಗ್ ಅನ್ನುತ್ತಾರೆ. ಬಿಲ್ಲಿನ ತುದಿಗೂ ಹೆದೆಗೂ ನಡುವಿನ ಕೋನ ಅಗಲವಾಗುತ್ತಾ ಮೂಲೆಮಟ್ಟಕ್ಕೆ ಹತ್ತಿರ ಬಂದಂತೆ ಲಿಂಬ್ (ಬಿಲ್ಲಿನ ಬಾಗುವ ತೋಳು) ಬಗ್ಗುವುದಕ್ಕಿಂತ ಹೆದೆಯನ್ನು ನೇರ ಜಗ್ಗಿದ ಹಾಗಾಗುತ್ತದೆ. ಗಿಡ್ಡ ಬಿಲ್ಲಿನಲ್ಲಿ ಅದು ಬೇಗ ಬರುತ್ತದೆ, ಉದ್ದ ಬಿಲ್ಲಿನಲ್ಲಿ ತಡವಾಗಿ. ಇನ್ನೊಂದು ತೊಂದರೆಯೂ ಇದೆ. ಗಿಡ್ಡ ಬಿಲ್ಲಿನ ಹೆದೆ ಚೂಪಾಗಿ ಮಡಚಿ ಮೂರು ಬೆರಳನ್ನೂ ಬಾಣದ ಹಿಂತುದಿಗೆ ಒತ್ತಿ ಹಿಂಡುತ್ತದೆ. ಬಾಣ ಬಿಡುವಾಗ ಕೈ ಜರ್ಕ್ ಹೊಡೆಯುವುದು ಎಷ್ಟೋ ಸಲ ಇದರಿಂದಲೇ. ಜನ ಮಾತ್ರ ತಮ್ಮ ಅಭ್ಯಾಸ ಸಾಲದು ಅಂದುಕೊಳ್ಳುತ್ತಾರೆ.

ಅದೇ ಸ್ಕೇಲಿಗೆ 70 ಇಂಚಿನದು ಹಾಕಿದೆವು. 31ರ ತನಕ ಮುಳ್ಳು ನೆಗೆಯದೆ ಸಮನಾಗಿ ಏರಿತು. ಇನ್ನೇನೂ ಹೇಳುವ ಅಗತ್ಯ ಬರಲಿಲ್ಲ.

ಈಗ ಅಳತೆಯ ವಿಷಯ. ಎರಡೂ ಕೈ ಚಾಚಿ ಬೆರಳ ತುದಿಯಿಂದ ಬೆರಳ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸುವ ಲೆಕ್ಕ ಎಲ್ಲರಿಗೂ ಗೊತ್ತು. ಅಂದಾಜಿಗೆ ಅಡ್ಡಿಯಿಲ್ಲ. ಆದರೆ ಲಾಂಗ್‌ಬೋ ಹಿಡಿದಾಗ ಬಿಲ್ಲು ಹಿಡಿದ ಕೈಯ ಮೊಣಕೈ ಸ್ವಲ್ಪ ಮಡಿಚಿರುತ್ತದೆ, ತಲೆ ವಾಲಿರುತ್ತದೆ, ಬೆರಳು ಬಾಯಿಯ ಮೂಲೆಗೆ ಬಂದು ನಿಲ್ಲುತ್ತದೆ. ರಿಕರ್ವ್‌ನಲ್ಲಿ ಬಂದ ಅಳತೆಗಿಂತ ಒಂದಿಂಚು ಕಡಿಮೆ ಬರುವುದು ಮಾಮೂಲಿ. ಹಾಗಾಗಿ ಲಾಂಗ್‌ಬೋ ಹಿಡಿಸಿಯೇ ಅಳೆಯಬೇಕು. 20 ಪೌಂಡಿನ ಹಗುರ ಬಿಲ್ಲು, ಇಂಚು ಗುರುತು ಹಾಕಿದ ಉದ್ದನೆಯ ಬಾಣ, ಇಷ್ಟು ಸಾಕು. ಒಂದು ಮಾತು: ಅಳೆಯುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಎಲ್ಲರೂ ಎದೆಯುಬ್ಬಿಸಿ ಜಾಸ್ತಿ ಎಳೆಯುತ್ತಾರೆ. ಅದಕ್ಕೆ ನಾನು "ಸುಮ್ನೆ ಗುರಿ ನೋಡಿ ಹೊಡೀತಾ ಇರಿ" ಅಂದು, ಮೈ ಬಿಸಿಯಾದ ಮೇಲೆ ಪಕ್ಕದಿಂದ ನೋಡಿಕೊಳ್ಳುತ್ತೇನೆ. ಮನೆಯಲ್ಲೇ ಅಳೆದುಕೊಂಡು ಬಂದವರನ್ನು ಎಲ್ಲಿಂದ ಎಲ್ಲಿಗೆ ಅಳೆದಿರಿ ಅಂತ ಕೇಳಲೇಬೇಕು. ಹೆದೆಯಿಂದ ಬಿಲ್ಲಿನ ಹಿಡಿಯ ಒಳಗುಳಿಯ ತನಕ ಅಳೆದರೆ ಅದಕ್ಕೆ ಒಂದೂ ಮುಕ್ಕಾಲು ಇಂಚು ಸೇರಿಸುವುದು ರೂಢಿಯ ಅಳತೆ. ಈ ಒಂದೂ ಮುಕ್ಕಾಲಿನಿಂದಲೇ ಎಷ್ಟೋ ಬಿಲ್ಲು ವಾಪಸ್ ಬರುತ್ತವೆ.

ಉದ್ದಕ್ಕೆ ನನ್ನ ಲೆಕ್ಕ ಹೀಗೆ: 28ರ ತನಕ ಎಳೆಯುವವರಿಗೆ 66, 30ರ ತನಕ 68, ಅದರ ಮೇಲೆ 70 ಅಥವಾ 72. ಇದು ಚಪ್ಪಟೆ ಲಿಂಬಿನ ಅಮೆರಿಕನ್ ಮಾದರಿಗೆ. ಹಿಂದೆ-ಮುಂದೆ ಬಾಗಿಸಿ ಮಾಡಿದ ಲಿಂಬ್ ಆದರೆ ಎರಡಿಂಚು ಕಡಿಮೆ ಇದ್ದರೂ ನಡೆಯುತ್ತದೆ. ಫೈಬರ್‌ಗ್ಲಾಸ್ ಇಲ್ಲದ, ಬರೀ ಮರದ ಇಂಗ್ಲಿಷ್ ಬಿಲ್ಲಿಗೆ ನಾನು ಒಂದಿಂಚೂ ಕಡಿಮೆ ಮಾಡುವುದಿಲ್ಲ. ಮರಕ್ಕೆ ತಾಳಿಕೆ ಇಷ್ಟೇ ಅಂತ ಇರುತ್ತದೆ. 28ಕ್ಕೆ ಅಂತ ಕೆತ್ತಿದ್ದನ್ನು 31ಕ್ಕೆ ಎಳೆದರೆ ಅದು ಮುರಿಯಬಹುದು, ಮುರಿದರೆ ಚೂರು ಮುಖದ ಹತ್ತಿರವೇ ಹಾರುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಿದ ಮೇರಿ ರೋಸ್ ಅನ್ನುವ ಇಂಗ್ಲಿಷ್ ಯುದ್ಧಹಡಗಿನ ಬಿಲ್ಲುಗಳನ್ನು ಪೋರ್ಟ್ಸ್‌ಮತ್‌ನಲ್ಲಿ ಇಟ್ಟಿದ್ದಾರೆ. ಒಂದೊಂದೂ ಆರಡಿಗಿಂತ ಉದ್ದ, ಕೆಲವು ಏಳಡಿಯ ಹತ್ತಿರ. ಜೊತೆಗೆ ಸಿಕ್ಕ ಬಾಣಗಳಲ್ಲಿ ಹೆಚ್ಚಿನವು ಸುಮಾರು 30 ಇಂಚು. ಅಷ್ಟು ಎಳೆಯಲು ಆ ಉದ್ದ ಬೇಕು ಅಂತ ಆ ಕಾಲದ ಬಡಗಿಗಳಿಗೂ ಗೊತ್ತಿತ್ತು.

ಉದ್ದ ಬಿಲ್ಲು ನಿಧಾನ ಅಂತಾರಲ್ಲ, ಅದು ಸುಳ್ಳಲ್ಲ. ಲಿಂಬ್ ಉದ್ದವಾದಷ್ಟೂ ಅದನ್ನೇ ಬೀಸಲು ಬಲ ಖರ್ಚಾಗುತ್ತದೆ. ಆದರೆ 31 ಎಳೆಯುವವರ ಬಾಣವನ್ನು ಹೆದೆ ಮೂರಿಂಚು ಜಾಸ್ತಿ ದೂರ ತಳ್ಳುತ್ತದೆ ಅಲ್ವಾ? ಅಲ್ಲಿಗೆ ಹೋಗಿದ್ದು ಇಲ್ಲಿ ಬಂತು. ನಿಜವಾದ ಕಷ್ಟ ಬೇರೆ. ಕಾಡಿನಲ್ಲಿ 3ಡಿ ಗುರಿಗೆ (ಪ್ರಾಣಿಯ ಆಕಾರದ ಗೊಂಬೆಗೆ) ಹೊಡೆಯುವವರು ಮಂಡಿಯೂರಿದರೆ 72 ಇಂಚಿನ ಕೆಳತುದಿ ನೆಲಕ್ಕೆ, ಮೇಲ್ತುದಿ ಕೊಂಬೆಗೆ ತಾಗುತ್ತದೆ. ಅಂಥವರಿಗೆ ನಾನೇ 68 ಹೇಳುತ್ತೇನೆ.

ದಾವಣಗೆರೆಯವರು ಕೊನೆಗೆ ಒಯ್ದದ್ದು 70 ಇಂಚಿನದು, 28ಕ್ಕೆ 38 ಪೌಂಡ್. ಅವರ 31 ಇಂಚಿನ ಎಳೆತಕ್ಕೆ ಅದು 45ರ ಆಸುಪಾಸು. ಕ್ಲಬ್ಬಿನಲ್ಲಿ ಬಿಲ್ಲಿನ ಮೇಲಿನ ಅಂಕಿ ನೋಡಿ "38 ಏನಕ್ಕೆ ಸಾಕಾಗುತ್ತೆ?" ಅಂತ ನಕ್ಕರಂತೆ. ಬಿಲ್ಲು ಮಾಡಿಸುವವರಾದರೆ ಈ ಗೊಂದಲವೇ ಬೇಡ. ಆರ್ಡರಿನಲ್ಲಿ "31 ಇಂಚಿಗೆ 45 ಪೌಂಡ್, 32ರ ತನಕ ಎಳೆದರೂ ತಡೆಯಬೇಕು" ಅಂತ ಬರೆದುಬಿಡಿ.

ಬಿಲ್ಲು ಆರಿಸುವ ದಿನವೇ ಬಾಣವನ್ನೂ ನೋಡಿಬಿಡಬೇಕು. ಹೆಚ್ಚಿನ ಸ್ಪರ್ಧೆಗಳ ಲಾಂಗ್‌ಬೋ ವಿಭಾಗಕ್ಕೆ ಮರದ ಬಾಣವೇ ಆಗಬೇಕು. ಮರದ ಶಾಫ್ಟ್ (ಬಾಣದ ಕಡ್ಡಿ) ಸಾಮಾನ್ಯವಾಗಿ ಬರುವುದು 32 ಇಂಚಿಗೆ. ಹಿಂದೆ ಹೆದೆಗೆ ಸಿಕ್ಕಿಸುವ ನಾಕ್ ಕೂರಿಸಲು, ಮುಂದೆ ಮೊನೆ ಕೂರಿಸಲು ಎರಡೂ ಕಡೆ ಕೆತ್ತಿದ ಮೇಲೆ 31 ಎಳೆಯುವವರಿಗೆ ಉಳಿಯುವುದು ಕೂದಲೆಳೆ ಅಷ್ಟೇ. ಬಾಣ ಉದ್ದವಾದಷ್ಟೂ ಬಳುಕುವುದು ಹೆಚ್ಚು. ಶಾಫ್ಟಿನ ಗಟ್ಟಿತನವನ್ನೂ ಅದು ಹೊಂದುವ ಬಿಲ್ಲಿನ ಪೌಂಡಿನಲ್ಲೇ ಹೇಳುತ್ತಾರೆ; 28ರ ಮೇಲೆ ಇಂಚಿಗೆ ಐದು ಪೌಂಡಿನಂತೆ ಗಟ್ಟಿ ಶಾಫ್ಟ್ ತೆಗೆದುಕೊಳ್ಳುವುದು ಇಲ್ಲಿನ ರೂಢಿ. ಅಂದರೆ 31 ಇಂಚಿಗೆ 45 ಬರುವ ಬಿಲ್ಲಿಗೆ 60ರ ಶಾಫ್ಟ್. ನಮ್ಮಲ್ಲಿ ಬೇಗ ಖಾಲಿಯಾಗುವುದೂ ಅದೇ. ಸಿಕ್ಕಾಗ ಒಂದು ಡಜನ್ ಜಾಸ್ತಿ ಎತ್ತಿಟ್ಟುಕೊಳ್ಳಿ ಅಂತ ಹೇಳಿ ಕಳಿಸುತ್ತೇನೆ.