ನೀವೇ ಓದಿ ಮುಗಿಸದ ಪುಸ್ತಕ ಯಾವುದು ಮೇಡಂ?

ನಾನು ಕೊಡಗಿನ ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯಲ್ಲಿ ಮೇಲ್ವಿಚಾರಕಿ. ಬೋರ್ಡಿನ ಮೇಲೆ ಈಗ 'ಅರಿವು ಕೇಂದ್ರ' ಅಂತಿದೆ, ಊರವರ ಬಾಯಲ್ಲಿ ಇನ್ನೂ ಲೈಬ್ರರಿಯೇ. ಇಲ್ಲಿಗೆ ಬರುವವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. "ಓದೋಕೆ ತುಂಬಾ ಕಷ್ಟ ಆದ ಪುಸ್ತಕ ಯಾವುದು ಮೇಡಂ? ನೀವೂ ಅರ್ಧಕ್ಕೆ ಬಿಟ್ಟದ್ದು ಇದೆಯಾ?" ಕೇಳುವಾಗ ದನಿ ಸ್ವಲ್ಪ ತಗ್ಗಿರುತ್ತದೆ. ಕೈಯಲ್ಲಿ ಮುಗಿಸದೆ ವಾಪಸ್ ತಂದ ಪುಸ್ತಕ ಇರುತ್ತದೆ. ನಾನೂ ಬಿಟ್ಟಿದ್ದೇನೆ ಅಂದರೆ ಅವರಿಗೆ ಒಂದು ಸಮಾಧಾನ.

ಇಷ್ಟು ದಿನ ನಕ್ಕು ಸುಮ್ನಾಗುತ್ತಿದ್ದೆ. ಇವತ್ತು ಬೆಳಗ್ಗಿನಿಂದ ಬಿಡದ ಮಳೆ, ಕರೆಂಟಿಲ್ಲ, ಪೇಪರ್ ಓದುವ ಇಬ್ಬರು ಅಜ್ಜಂದಿರೂ ಬಂದಿಲ್ಲ. ಬರೆದೇಬಿಡೋಣ ಅನ್ನಿಸಿತು.

ಯಾರು ಎಲ್ಲಿಗೆ ಬಿಟ್ಟರು ಅಂತ ಯಾರೂ ನನಗೆ ಹೇಳಬೇಕಾಗಿಲ್ಲ. ಪುಸ್ತಕ ಮುಚ್ಚಿ ಬದಿಯಿಂದ ನೋಡಿ, ಬೆನ್ನಿನ ಕಡೆಯಿಂದಲ್ಲ, ಪುಟ ತೆರೆಯುವ ಕಡೆಯಿಂದ. ಕೈಯಾಡಿದ ಪುಟಗಳ ಅಂಚು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕೆಳಗಿನ ಮೂಲೆಯಲ್ಲಂತೂ ಎಣ್ಣೆ ಹಿಡಿದ ಹಾಗೆ. ಯಾರೂ ಮುಟ್ಟದ ಪುಟಗಳು ಬೆಳ್ಳಗಿರುತ್ತವೆ. ಎರಡರ ನಡುವೆ ಒಂದು ಗೆರೆ. ಜನ ಸೋತು ಕೂತ ಜಾಗ ಅದು. ನಮ್ಮ ಮಳೆಗಾಲದಲ್ಲಿ ಇನ್ನೂ ಸುಲಭ, ತೆರೆಯದ ಪುಟಗಳು ಥಂಡಿಗೆ ಒಂದಕ್ಕೊಂದು ಅಂಟಿಕೊಂಡು ಬೂಷ್ಟು ಹಿಡಿದಿರುತ್ತವೆ. ಗೆರೆಯ ಹತ್ತಿರ ಬಸ್ ಟಿಕೆಟ್ ಸಿಗುತ್ತದೆ, ಖಾಲಿ ಮಾತ್ರೆ ಹಾಳೆ ಸಿಗುತ್ತದೆ. ಒಮ್ಮೆ ಏಲಕ್ಕಿ ಎಲೆ ಸಿಕ್ಕಿತ್ತು, ಪರಿಮಳ ಇನ್ನೂ ಹೋಗಿರಲಿಲ್ಲ.

ನನ್ನ ಈ ಬುದ್ಧಿ ಅಮೆರಿಕದ ಒಬ್ಬ ಗಣಿತದ ಮೇಷ್ಟ್ರಿಗೂ ಇದೆ ಅಂತ ಆಮೇಲೆ ಗೊತ್ತಾಯಿತು. ಜೋರ್ಡನ್ ಎಲೆನ್‌ಬರ್ಗ್ ಅಂತ. ಕಿಂಡಲ್ ಅನ್ನುವ ಇ-ಪುಸ್ತಕದ ಯಂತ್ರದಲ್ಲಿ ಓದುವವರು ಒಂದು ಪುಸ್ತಕದಲ್ಲಿ ಅತಿ ಹೆಚ್ಚು ಗೆರೆ ಎಳೆದ ಐದು ಜಾಗಗಳು ಯಾವ ಪುಟದಲ್ಲಿವೆ ಅಂತ ನೋಡಿ, ಅದರ ಸರಾಸರಿ ತೆಗೆದು, ಒಟ್ಟು ಪುಟಗಳಿಂದ ಭಾಗಿಸಿದರು. ಕೊನೆಯವರೆಗೂ ಓದಿದ್ದರೆ ಗೆರೆಗಳು ಪುಸ್ತಕದ ತುಂಬ ಇರುತ್ತವೆ, ಬೇಗ ಬಿಟ್ಟಿದ್ದರೆ ಮೊದಲ ಪುಟಗಳಲ್ಲೇ ನಿಂತು ಅಂಕಿ ಚಿಕ್ಕದಾಗುತ್ತದೆ. 2014ರಲ್ಲಿ ತಮಾಷೆಗೆ ಮಾಡಿದ ಲೆಕ್ಕ ಇದು. ಎಲ್ಲರ ಮನೆಯಲ್ಲೂ ಇದ್ದು ಯಾರೂ ಮುಗಿಸದ ಪುಸ್ತಕ ಅನ್ನಿಸಿಕೊಂಡದ್ದು ಸ್ಟೀಫನ್ ಹಾಕಿಂಗ್ ಕಾಲದ ಚರಿತ್ರೆಯ ಬಗ್ಗೆ 1988ರಲ್ಲಿ ಬರೆದದ್ದು, ಹಾಗಾಗಿ ಲೆಕ್ಕಕ್ಕೆ ಹಾಕಿಂಗ್ ಇಂಡೆಕ್ಸ್ ಅಂತ ಹೆಸರಿಟ್ಟರು. ಅದಕ್ಕೆ ಸಿಕ್ಕಿದ್ದು ನೂರಕ್ಕೆ 6.6. ಥಾಮಸ್ ಪಿಕೆಟ್ಟಿಯ ಬಂಡವಾಳದ ಮೇಲಿನ ದಪ್ಪ ಪುಸ್ತಕಕ್ಕೆ ಬರೀ 2.4. ಪಾಪ, ಹಾಕಿಂಗ್ ಹೆಸರು ಸುಮ್ನೆ ಕೆಟ್ಟಿತು.

ನನ್ನ ಲೆಕ್ಕಕ್ಕೆ ಕಿಂಡಲ್ ಬೇಡ, ಕಪಾಟು ಸಾಕು. ಅದರಿಂದ ತಿಳಿದ ಮೊದಲ ವಿಷಯ, ದಪ್ಪ ಪುಸ್ತಕಗಳೇ ಕಷ್ಟದ ಪುಸ್ತಕಗಳಲ್ಲ. ಭೈರಪ್ಪನವರ 'ಪರ್ವ' ಎಷ್ಟು ದಪ್ಪ! ಅದು ಕೊನೆಯ ಹಾಳೆವರೆಗೂ ಕಂದಾಗಿದೆ. ನಮ್ಮ ಮಡಿಕೇರಿಯಲ್ಲೇ ಇದ್ದ ಭಾರತೀಸುತರ 'ಎಡಕಲ್ಲು ಗುಡ್ಡದ ಮೇಲೆ' ಎರಡು ಸಲ ಬೈಂಡ್ ಆಗಿದೆ, ಅಂಚಿನಲ್ಲಿ ಬಿಳಿ ಅನ್ನುವುದೇ ಇಲ್ಲ. ಇನ್ನು ಬದುಕಿನಲ್ಲಿ ಗೆಲ್ಲುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕಗಳು ಮೊದಲ ಅಧ್ಯಾಯಕ್ಕೇ ಬೆಳ್ಳಗಾಗುತ್ತವೆ. ಅವುಗಳ ಬಗ್ಗೆ ಮಾತ್ರ ಯಾರೂ ಬಂದು ದನಿ ತಗ್ಗಿಸಿ ಕೇಳುವುದಿಲ್ಲ.

ಕೇಳುವುದು ಹೆಚ್ಚಾಗಿ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಬಗ್ಗೆ. 1967ರ ಕಾದಂಬರಿ. ನಮ್ಮಲ್ಲಿರುವ ಪ್ರತಿಯ ಗೆರೆ ಒಂದು ಬೆರಳು ದಪ್ಪಕ್ಕೆ ನಿಂತಿದೆ. ಆಸೆಯಿಂದಲೇ ತಗೊಂಡು ಹೋಗುತ್ತಾರೆ, ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ಸ್ವಲ್ಪ ದೂರ ನಡೆಯುತ್ತಾರೆ. ಆಮೇಲೆ ಸಿಂಬಾವಿ, ಹಳೆಮನೆ, ಕೋಣೂರು, ಬೆಟ್ಟಳ್ಳಿ ಅಂತ ಮನೆಗಳ ಮೇಲೆ ಮನೆಗಳು, ಆ ಮನೆಗಳ ತುಂಬ ಜನ. ಯಾರು ಹೀರೋ ಅಂತ ಹುಡುಕಿ ಸುಸ್ತಾಗುತ್ತಾರೆ. ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರೂ ಅಲ್ಲ ಅಂತ ಕುವೆಂಪು ಶುರುವಿನಲ್ಲೇ ಹೇಳಿಬಿಟ್ಟಿದ್ದಾರೆ, ನಾವೇ ಅದನ್ನು ಹಾರಿಸಿ ಮುಂದೆ ಹೋಗುತ್ತೇವೆ.

ನಾನು ಹೇಳುವುದು ಇಷ್ಟೇ: ಮದುವೆಮನೆಗೆ ಹೋದ ಹಾಗೆ ಓದಿ. ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹೊಸಬರು ಕಂಡರೆ ಹೆಸರಿಗಿಂತ ಮೊದಲು ಕೇಳುವುದು "ಯಾವ ಮನೆಯವರು?" ಅಂತ. ಮೊದಲ ದಿನ ಒಬ್ಬರ ಗುರುತೂ ಸಿಗುವುದಿಲ್ಲ. ಮರುದಿನ ಊಟಕ್ಕೆ ಕೂರುವ ಹೊತ್ತಿಗೆ ಯಾರ ಅತ್ತೆ ಯಾರು, ಯಾರಿಗೂ ಯಾರಿಗೂ ಮಾತಿಲ್ಲ ಅಂತೆಲ್ಲ ಗೊತ್ತಾಗಿರುತ್ತದೆ. ಪಟ್ಟಿ ಹಿಡಿದು ಬಾಯಿಪಾಠ ಮಾಡಿದ್ದರಿಂದಲ್ಲ, ಅಲ್ಲೇ ಕೂತಿದ್ದರಿಂದ.

ನಾನು ಅದನ್ನು ಮುಗಿಸಿದ್ದು ಮಳೆ ಜೋರಾಗಿ ಸುರಿಯುವ ಒಂದು ಕಕ್ಕಡ ತಿಂಗಳಲ್ಲಿ, ನಮ್ಮ ಮನೆಮಾತು ಅರೆಭಾಷೆಯಲ್ಲಿ ಆಟಿ. ತೋಟದ ಕೆಲಸ ನಿಂತಿತ್ತು. ಗುಡ್ಡದ ಬರೆ ಜರಿದು ರಸ್ತೆ ಬಂದ್, ಮೂರು ದಿನ ಬಸ್ಸಿಲ್ಲ. ಒಲೆ ಮುಂದೆ ಕೂತು ಓದುವುದು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಮಾಡುತ್ತಾರಲ್ಲ, ಆ ಸೊಪ್ಪಿನ ರಸ ಕಡು ನೇರಳೆ, ತೊಳೆದರೂ ಹೋಗುವುದಿಲ್ಲ. ಸೊಪ್ಪು ಸೋಸಿದ ಕೈಯಲ್ಲೇ ಪುಟ ತಿರುವಿಬಿಟ್ಟೆ. ಲೈಬ್ರರಿ ಪುಸ್ತಕದ ನಟ್ಟನಡುವಿನ ಒಂದು ಪುಟದಲ್ಲಿ ನನ್ನ ಹೆಬ್ಬೆಟ್ಟಿನ ಗುರುತು ನೇರಳೆ ಬಣ್ಣದಲ್ಲಿ ಇವತ್ತಿಗೂ ಇದೆ. ಪುಸ್ತಕ ಗಲೀಜು ಮಾಡಿದರೆ ದಂಡ ಅಂತ ಗೋಡೆಗೆ ಅಂಟಿಸಿದವಳೂ ನಾನೇ. ಆ ಗುರುತಿನವರೆಗೆ ಬಂದವರು ಕಡಿಮೆ. ಬಂದವರು ನಗುತ್ತಾ ತೋರಿಸುತ್ತಾರೆ. ಅಂದಹಾಗೆ ಹುಲಿಯ ಕೊನೆಗೆ ಏನಾದ ಅಂತ ಕೇಳಬೇಡಿ, ಹೇಳಲ್ಲ.

ಇನ್ನು ತೆಳ್ಳಗಿದ್ದೂ ಮುಂದೆ ಸಾಗದ ಪುಸ್ತಕ. ದೇವನೂರ ಮಹಾದೇವರ 'ಕುಸುಮಬಾಲೆ'. 1984ರಲ್ಲಿ ಬಂತು, 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ. ಬಸ್ಸಿನಲ್ಲಿ ಮೈಸೂರು ಮುಟ್ಟುವುದರೊಳಗೆ ಮುಗಿಸಬಹುದು ಅನ್ನಿಸುತ್ತದೆ. ನಾನು ಹಾಗೇ ಅಂದುಕೊಂಡು ಕುಶಾಲನಗರ ದಾಟುವ ಮೊದಲೇ ಬ್ಯಾಗಿಗೆ ಹಾಕಿದ್ದೆ. ನಂಜನಗೂಡು, ಚಾಮರಾಜನಗರ ಕಡೆಯ ಆಡುಮಾತು, ಅದೂ ಅಲ್ಲಿ ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ಕಾಗದಕ್ಕೆ ಇಳಿದಿದೆ. ರಾತ್ರಿ ದೀಪಗಳು ಜೋತಮ್ಮಂದಿರಾಗಿ ಕೂಡಿ ಕಷ್ಟಸುಖ ಮಾತಾಡುತ್ತವೆ. ನನ್ನ ಕಣ್ಣು ಅಕ್ಷರ ಓದುತ್ತಿತ್ತು, ತಲೆ ಎಲ್ಲೋ ಇತ್ತು.

ಆ ಪುಸ್ತಕ ನನಗೆ ದಕ್ಕಿದ್ದು ಕಾಫಿ ಕುಯ್ಲಿನ ಸಮಯದಲ್ಲಿ. ಹತ್ತಿರದ ತೋಟದಲ್ಲಿ ಕೆಲಸಗಾರರು ಇರುವ ಲೈನ್‌ಮನೆಗೆ ನಂಜನಗೂಡು ಕಡೆಯಿಂದ ಬಂದಿದ್ದ ಒಬ್ಬಾಕೆ ಭಾನುವಾರ ಮಗಳನ್ನು ಕರಕೊಂಡು ಲೈಬ್ರರಿಗೆ ಬರುತ್ತಿದ್ದರು. ಮಗಳು ಚಿತ್ರದ ಪುಸ್ತಕ ನೋಡುವಳು, ಆಕೆ ಬಾಗಿಲ ಹತ್ತಿರ ಸುಮ್ನೆ ಕೂರುವರು. ಓದು ಬರಹ ಗೊತ್ತಿಲ್ಲ. ಒಂದು ದಿನ ಏನೋ ತೋಚಿ 'ಕುಸುಮಬಾಲೆ' ತೆಗೆದು ಒಂದು ಪುಟ ಜೋರಾಗಿ ಓದಿದೆ. ಮೊದಲು ಸೆರಗು ಬಾಯಿಗೆ ಹಿಡಿದು ನಕ್ಕರು. ಪುಸ್ತಕದಲ್ಲಿ ತಮ್ಮ ಮಾತು ಇರುತ್ತದೆ ಅಂತ ಅವರು ಅಂದುಕೊಂಡೇ ಇರಲಿಲ್ಲ. ಎರಡನೇ ಪುಟಕ್ಕೆ ತಡೆಯಲಾರದೆ, "ಅಂಗ್ ನಿಲ್ಸಿ ನಿಲ್ಸಿ ಓದ್‌ಬ್ಯಾಡಿ ಕನಕ್ಕ, ಒಂದೇ ಉಸ್ರುಗ ಏಳಿ" ಅಂದರು. ಹಾಗೇ ಓದಿದೆ. ನಾಲ್ಕು ಭಾನುವಾರಕ್ಕೆ ಪುಸ್ತಕ ಮುಗಿಯಿತು. ಅರ್ಥ ಆಗದ ಪದಕ್ಕೆ ನಾನು ಆಕೆಯ ಮುಖ ನೋಡುತ್ತಿದ್ದೆ, ಆಕೆ ಕೈಯಾಡಿಸಿ ತೋರಿಸುತ್ತಿದ್ದರು. ಲೈಬ್ರರಿಯಲ್ಲಿ ಮಾತಾಡಬಾರದು ಅನ್ನುವ ಬೋರ್ಡು ನಮ್ಮ ತಲೆ ಮೇಲೇ ನೇತಾಡುತ್ತಿತ್ತು.

'ಪಟ್ಟೋಲೆ ಪಳಮೆ'ಯ ಕಥೆಯೂ ಹೆಚ್ಚುಕಡಿಮೆ ಇದೇ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಊರೂರು ಸುತ್ತಿ ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದ ಪುಸ್ತಕ. ಲಿಪಿ ಕನ್ನಡ, ಹಾಡುಗಳ ಮಾತು ಕೊಡವ. ನನ್ನಂಥ ಅರೆಭಾಷೆಯವಳಿಗೆ ಅಲ್ಲೊಂದು ಇಲ್ಲೊಂದು ಮಾತು ಸಿಗುತ್ತದೆ, ಉಳಿದದ್ದು ಮಂಜಿನಲ್ಲಿ ತೋಟ ನೋಡಿದ ಹಾಗೆ. ಪುಟಗಟ್ಟಲೆ ಒಂದೇ ನಡೆ. ಬೇಜಾರು ಅಂತ ಹೇಳಲು ನಾಚಿಕೆ, ಆದರೆ ಬೇಜಾರೇ ಆಯಿತು. ಆಮೇಲೆ ಒಂದು ಮದುವೆಯಲ್ಲಿ ನಾಲ್ಕು ಜನ ದುಡಿ ಅನ್ನುವ ಸಣ್ಣ ವಾದ್ಯ ಹಿಡಿದು 'ಬಾಳೋ ಬಾಳೋ' ಅಂತ ಎತ್ತಿಕೊಂಡರು ನೋಡಿ. ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಹಿಡಿಯುತ್ತಾರೆ, ನಡುವೆ ದುಡಿ ಉಸಿರು ತೆಗೆದುಕೊಳ್ಳಲು ಜಾಗ ಬಿಡುತ್ತದೆ. ಕಾಗದದ ಮೇಲೆ ಒಂದೇ ಸಮ ಅನ್ನಿಸಿದ್ದು ಅಲ್ಲಿ ನಡಿಗೆಯ ಹಾಗೆ ಕೇಳಿಸಿತು. ಆ ಪುಸ್ತಕವನ್ನು ನಾನು ಈಗಲೂ ಪೂರ್ತಿ ಓದಿಲ್ಲ. ಮುಗಿಸಬೇಕು ಅನ್ನುವ ಹಟವೂ ಇಲ್ಲ.

ಕಾಲೇಜು ಹುಡುಗರು ಜೇಮ್ಸ್ ಜಾಯ್ಸ್‌ನ ಇಂಗ್ಲಿಷ್ ಕಾದಂಬರಿ 'ಯುಲಿಸಿಸ್' ಬಗ್ಗೆ ಕೇಳುತ್ತಾರೆ. ನಮ್ಮಲ್ಲಿ ಇಲ್ಲ. ಇದ್ದಿದ್ದರೂ ನಾನು ಅದರ ಕಡೆ ಹೋಗುತ್ತಿದ್ದೆನೋ ಇಲ್ಲವೋ.

ಈಗ ನಿಜವಾದ ಉತ್ತರಕ್ಕೆ ಬರುತ್ತೇನೆ. ನನ್ನ ಕೈಯಲ್ಲಿ ಮುಗಿಸಲಾಗದ ಪುಸ್ತಕ ಮಾಸ್ತಿಯವರ 'ಚಿಕವೀರ ರಾಜೇಂದ್ರ'. ಕೇಳಿದವರು ನಂಬುವುದಿಲ್ಲ. 1956ರಲ್ಲಿ ಬಂದದ್ದು, ಮಾಸ್ತಿಯವರಿಗೆ 1983ರ ಜ್ಞಾನಪೀಠ ತಂದುಕೊಟ್ಟದ್ದು. ಅದರಲ್ಲಿ ಕಷ್ಟದ ಪದವೇ ಇಲ್ಲ. ಮನೆಯ ಹಿರಿಯರೊಬ್ಬರು ಜಗಲಿಯಲ್ಲಿ ಕೂತು ಹೇಳಿದ ಹಾಗಿದೆ.

ಕಷ್ಟ ಇರುವುದು ಭಾಷೆಯಲ್ಲಲ್ಲ. ಅದು ನಮ್ಮ ಕೊಡಗಿನ ಕೊನೆಯ ಅರಸನ ಕಥೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅವನನ್ನು ಇಳಿಸಿ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರಕೊಂಡು ಲಂಡನ್ನಿಗೆ ಹೋದ, 1859ರಲ್ಲಿ ಅಲ್ಲೇ ಸತ್ತ. ಮಡಿಕೇರಿಯ ಗದ್ದಿಗೆಯಲ್ಲಿ ಅವನ ಅಪ್ಪನ ಸಮಾಧಿ ಇದೆ, ದೊಡ್ಡಪ್ಪನದಿದೆ. ಅವನದಿಲ್ಲ. ಅರಸನನ್ನು ಕಳಿಸಿ ಮೂರು ವರ್ಷಕ್ಕೆ, 1837ರಲ್ಲಿ, ಅವನ ಹಾಲೇರಿ ವಂಶದ ಹೆಸರಿನಲ್ಲೇ ದಂಗೆ ಎದ್ದವರಲ್ಲಿ ನಮ್ಮ ಅರೆಭಾಷೆ ಗೌಡರು ತುಂಬಾ ಜನ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ಹಾಗಾಗಿ ನಮ್ಮ ಮನೆಯಲ್ಲಿ ಅರಸನ ಬಗ್ಗೆ ಕೆಟ್ಟ ಮಾತಿಲ್ಲ. "ಕೆಟ್ಟವರು ಅವನ ಸುತ್ತ ಇದ್ದರು" ಅಂತ ಅಜ್ಜಿ ಮುಗಿಸಿಬಿಡುತ್ತಿದ್ದರು. ಶಾಲೆಯ ಗೆಳತಿ ಕೊಡವರ ಹುಡುಗಿ. ಅವಳ ಅಜ್ಜಿ ಹೇಳುವ ಕಥೆಯಲ್ಲಿ ಅವನಷ್ಟು ಕ್ರೂರಿ ಇನ್ನೊಬ್ಬನಿಲ್ಲ. ಪುಸ್ತಕ ತೆರೆದರೆ ಸಾಕು, ಇಬ್ಬರು ಅಜ್ಜಿಯರೂ ನನ್ನ ಅಕ್ಕಪಕ್ಕ ಬಂದು ಕೂರುತ್ತಾರೆ. ಅರಸನ ಆಪ್ತ ಕುಂಟ ಬಸವ ಬಂದರೆ ಒಬ್ಬರು ಗೊಣಗುತ್ತಾರೆ, ಮಂತ್ರಿ ಬೋಪಣ್ಣ ಬಂದರೆ ಇನ್ನೊಬ್ಬರು. ಇವರ ನಡುವೆ ಮಾಸ್ತಿ ಏನು ಹೇಳುತ್ತಿದ್ದಾರೆ ಅಂತ ಕೇಳಿಸುವುದೇ ಇಲ್ಲ.

ಮೊದಲ ಸಲ ಬಿಟ್ಟದ್ದು ಪಿಯುಸಿಯಲ್ಲಿ, ಅರಸನ ತಂಗಿಯ ಮಗುವಿನ ಪ್ರಸಂಗ ಬರುವಲ್ಲಿ. ಎರಡನೇ ಸಲ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ ನೋಡಿ ಬಂದು ಹುರುಪಿನಲ್ಲಿ ಶುರು ಮಾಡಿದೆ. ಅರಮನೆ ಅಂದರೆ ಮೈಸೂರಿನದನ್ನು ನೆನೆಸಿಕೊಳ್ಳಬೇಡಿ. 1792ರಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ಎರಡಂತಸ್ತಿನ ಮನೆ, ಮರದ ಕಂಬ, ಕತ್ತಲೆ ಕೋಣೆಗಳು, ಹಿಂದೆ ತಡಿಯಂಡಮೋಳ್ ಬೆಟ್ಟ. ಕಂಪನಿಯ ಸೈನ್ಯ ಬಂದಾಗ ಕೊನೆಯ ಅರಸ ಬಂದು ಸೇರಿಕೊಂಡದ್ದು ಇಲ್ಲಿಗೇ. ಆ ಕತ್ತಲೆ ಕೋಣೆಯಲ್ಲಿ ನಿಂತು ಬಂದ ಮೇಲೆ ಪುಸ್ತಕ ಸುಲಭ ಆಗಬೇಕಿತ್ತು. ಅದೇ ಮಗುವಿನ ಹತ್ತಿರ ಮತ್ತೆ ನಿಂತೆ.

ನಮ್ಮ ಲೈಬ್ರರಿಯ ಪ್ರತಿಯ ಅಂಚನ್ನು ನೀವು ನೋಡಬೇಕು. ಅರ್ಧದವರೆಗೆ ಕಂದು. ಆಮೇಲೆ ಬಿಳಿ. ಕಟ್ಟಕಡೆಯ ನಾಲ್ಕಾರು ಹಾಳೆ ಮತ್ತೆ ಕಂದು, ಮೊದಲಿಗಿಂತ ಜಾಸ್ತಿ. ಬೇರೆ ಯಾವ ಪುಸ್ತಕಕ್ಕೂ ಹೀಗಿಲ್ಲ. ಮಿಲಿಟರಿಯಿಂದ ನಿವೃತ್ತಿಯಾದ ಅಜ್ಜ ಒಬ್ಬರು ಇದನ್ನು ಆರೇಳು ಸಲ ತಗೊಂಡು ಹೋಗಿದ್ದಾರೆ. "ಮಧ್ಯದ್ದು ಓದಿದ್ರಾ ಅಜ್ಜ?" ಅಂತ ಒಮ್ಮೆ ಕೇಳಿದೆ. "ಏನಾಯ್ತು ಅಂತ ಗೊತ್ತಲ್ಲಮ್ಮ. ಹೆಂಗೆ ಮುಗ್ಸಿದ್ದಾರೆ ಅಂತ ನೋಡ್ತೇನೆ ಅಷ್ಟೇ" ಅಂದರು.

ಹೋದ ವಾರ ಮೂರನೇ ಸಲ ಶುರು ಮಾಡಿದ್ದೇನೆ. ಈ ಸಲ ಜೋರಾಗಿ ಓದುತ್ತಿದ್ದೇನೆ, ರಾತ್ರಿ, ಒಲೆ ಮುಂದೆ. ಅಜ್ಜಿ ಈಗಿಲ್ಲ. ಅಮ್ಮ ಬಟಾಣಿ ಬಿಡಿಸುತ್ತಾ ಕೇಳುತ್ತಾರೆ, ನಡುನಡುವೆ "ಹಾಗಲ್ಲ ಅದು" ಅನ್ನುತ್ತಾರೆ. ಮಗುವಿನ ಜಾಗ ನಿನ್ನೆ ದಾಟಿದೆವು, ಇಬ್ಬರೂ ಮಾತಾಡಲಿಲ್ಲ. ಆ ಅಜ್ಜ ಮಳೆ ಸ್ವಲ್ಪ ಬಿಟ್ಟಾಗ ಬಂದು ಪುಸ್ತಕ ಎಲ್ಲಿ ಅಂತ ಕೇಳಿದ್ದಾರೆ. ಇನ್ನು ಹದಿನೈದು ದಿನ ಕೊಡಲ್ಲ ಅಂತ ಹೇಳಿ ಕಳಿಸಿದ್ದೇನೆ.